ಜಡಿಗೇನಹಳ್ಳಿಗೆ ಒಂದು ದಿನ ರಜಾ

ಆ ದಿನ ಬೆಳಿಗ್ಗೆಯಿಂದ ನನ್ನನ್ನು ಒಂದು ಸಣ್ಣ ಚಿಂತೆ ಕೊರೆಯುತ್ತಿತ್ತು. ಯಾರಿಗಾದರೂ ಹೇಳಿದರೆ ನಕ್ಕುಬಿಡುವಷ್ಟು ಸಣ್ಣದು. ಜಡಿಗೇನಹಳ್ಳಿ ಯಾಕೆ ಅಷ್ಟು ಬೇಗ ಮುಗಿಸಿತು?

ಜಡಿಗೇನಹಳ್ಳಿ ಅಂದರೆ ಇಲ್ಲಿ ಊರಲ್ಲ, ನಮ್ಮ ಆಫೀಸಿನ ಒಂದು ಸರ್ವರ್. ದೇವನಹಳ್ಳಿಯಿಂದ ಪಕ್ಕದ ವಿಜಯಪುರಕ್ಕೆ ಹೋಗುವ ರಸ್ತೆಯಲ್ಲಿ, ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ. ಮಕ್ಕಳಿಗೆ ಆಟವಾಡುತ್ತಲೇ ಲೆಕ್ಕ, ಭಾಷೆ ಕಲಿಸುವ ಗೇಮ್‌ಗಳನ್ನು ಮಾಡುತ್ತೇವೆ. ಒಳಗಿನ ಏಸಿ ರೂಮಿನಲ್ಲಿ ಆರು ಸರ್ವರ್‌ಗಳಿವೆ. ನಾವು ಬರೆದದ್ದನ್ನೆಲ್ಲ ಒಟ್ಟುಗೂಡಿಸಿ, ಫೋನಿನಲ್ಲೋ ಟ್ಯಾಬಿನಲ್ಲೋ ಓಡುವ ಆಟವಾಗಿ ಕಟ್ಟಿಕೊಡುವುದು ಅವುಗಳ ಕೆಲಸ. ಹಾಗೆ ಕಟ್ಟಿದ್ದನ್ನು ಬಿಲ್ಡ್ ಅನ್ನುತ್ತೇವೆ. ಕಟ್ಟಬೇಕಾದರೆ ಪ್ರತಿಯೊಂದರಲ್ಲೂ ಗೇಮ್ ಎಂಜಿನ್ ಎಂಬ ದೊಡ್ಡ ಸಾಫ್ಟ್‌ವೇರ್ ಇರಬೇಕು, ಆರರಲ್ಲೂ ಒಂದೇ ವರ್ಷನ್ ಇರಬೇಕು. ಸಿಸ್ಟಂಗಳನ್ನು ನೋಡಿಕೊಳ್ಳುವ ಮುನೀಂದ್ರಣ್ಣ ದಿನಾ ಬಸ್ಸಿನಲ್ಲಿ ಬರುವವರು. ಬಸ್ಸಿನ ಬೋರ್ಡುಗಳಲ್ಲಿ ಓದಿದ ಹೆಸರುಗಳನ್ನೇ ಆರಕ್ಕೂ ಇಟ್ಟು, ಸ್ಟಿಕ್ಕರ್ ಅಂಟಿಸಿದ್ದರು: ಹೊಸಕೋಟೆ, ಸೂಲಿಬೆಲೆ, ಬೂದಿಗೆರೆ, ಹೀಗೆ.

ಮೊದಲೆಲ್ಲ ಎಂಜಿನ್‌ನ ಹೊಸ ವರ್ಷನ್ ಬಂದರೆ ಮುನೀಂದ್ರಣ್ಣ ಪೆನ್‌ಡ್ರೈವ್ ಹಿಡಿದು ಒಂದೊಂದರ ಮುಂದೆಯೂ ಕೂತು, ‘ನೆಕ್ಸ್ಟ್’ ‘ನೆಕ್ಸ್ಟ್’ ಎಂದು ಒತ್ತುತ್ತಾ ಹಾಕುತ್ತಿದ್ದರು. ಒಂದು ಮುಗಿದು ಇನ್ನೊಂದಕ್ಕೆ ಬರುವಷ್ಟರಲ್ಲಿ ಮೊದಲನೆಯದರಲ್ಲಿ ಏನಾದರೊಂದು ಕೈಕೊಡುತ್ತಿತ್ತು. ನಾನು ಸೇರಿದಾಗ ಮಾಲೀಕರಾದ ರವಿಚಂದ್ರ ಸರ್ ನನಗೆ ಕೊಟ್ಟ ಕೆಲಸವೇ ಇದು. ಒಂದು ಸಲ ಹೇಳಿದರೆ ಆರೂ ಕಡೆ ತಾನೇ ಹೋಗಿ ಎಂಜಿನ್ ಹಾಕಿ ಬರುವಂಥ ಸ್ಕ್ರಿಪ್ಟ್ ಬರೆಯುವುದು. ನನಗೆ ಇದಕ್ಕಿಂತ ಇಷ್ಟದ ಕೆಲಸ ಇರಲಿಲ್ಲ. ಅದರಲ್ಲಿ ಯಾರ ಜೊತೆಗೂ ಮಾತಾಡಬೇಕಾಗಿರಲಿಲ್ಲ.

ಮಾತು ನನಗೆ ಬರುವುದಿಲ್ಲವೆಂದಲ್ಲ. ಡೈರಿಯಲ್ಲಿ ನಾನು ಮಹಾ ಮಾತುಗಾರ್ತಿ. ಆಫೀಸಿನಲ್ಲಿ ಹೇಳಬೇಕಾದ್ದನ್ನು ಹಿಂದಿನ ರಾತ್ರಿಯೇ ಬರೆದುಕೊಂಡು, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು, ಮೆಟ್ಟಿಲು ಹತ್ತುವ ಹೊತ್ತಿಗೆ ಮರೆಯುವವಳು. ವಿಜಯಪುರದ ನಮ್ಮ ಮನೆಯಲ್ಲಿ ಎಲ್ಲರ ಗಂಟಲೂ ದೊಡ್ಡದು. ಮನೆಯ ಮುಂಭಾಗದಲ್ಲೇ ರೇಷ್ಮೆ ಎಳೆ ಹುರಿ ಮಾಡುವ ಅಪ್ಪನ ಟ್ವಿಸ್ಟಿಂಗ್ ಮೆಷಿನ್‌ಗಳಿವೆ. ಆ ಸದ್ದಿನ ಮೇಲೆ ಕೂಗಿಯೇ ಮಾತಾಡಬೇಕು. ನಾನೊಬ್ಬಳು ಮಾತ್ರ ಕೈಸನ್ನೆಯಲ್ಲೇ ಬೆಳೆದೆ.

ಚಿಂತೆ ಹುಟ್ಟಿದ್ದೂ ಆ ಮೆಷಿನ್‌ಗಳಿಂದಲೇ ಇರಬೇಕು. ರೇಷ್ಮೆ ಎಳೆ ತುಂಡಾದ ಕದಿರು ನಿಲ್ಲುವುದಿಲ್ಲ, ಮಿಕ್ಕವುಗಳಿಗಿಂತ ಹಗುರಾಗಿ ತಿರುಗುತ್ತಲೇ ಇರುತ್ತದೆ. ಅಪ್ಪ ಮಲಗಿದ್ದಲ್ಲಿಂದಲೇ ಆ ಹಗುರನ್ನು ಕೇಳಿಸಿಕೊಂಡು ಎದ್ದು ಬರುತ್ತಾರೆ. ಮಿಕ್ಕ ಐದು ಸರ್ವರ್‌ಗಳಲ್ಲಿ ಎಂಜಿನ್ ಹಾಕಲು ಒಂದೊಂದಕ್ಕೂ ಟೀ ಕಾಯಿಸಿ ಕುಡಿಯುವಷ್ಟು ಹೊತ್ತು ಹಿಡಿದಿತ್ತು. ಜಡಿಗೇನಹಳ್ಳಿ ಮಾತ್ರ ನಾನು ಕೀಲಿಮಣೆಯಿಂದ ಕೈ ತೆಗೆಯುವುದರೊಳಗೆ ಹಸಿರು ಅಕ್ಷರದಲ್ಲಿ ‘ಆಯಿತು’ ಅಂದಿತ್ತು.

ಅದೊಂದು ಮಾತ್ರ ಮಿಕ್ಕ ಐದರ ಜೊತೆಗೆ ಆಗದೆ ಹಿಂದೆ ಬಿದ್ದದ್ದಕ್ಕೆ ಕಾರಣ ರವಿಚಂದ್ರ ಸರ್ ತಾಯಿ ಮುನಿಲಕ್ಷ್ಮಮ್ಮ.

ಆಯುಧಪೂಜೆಯ ದಿನವೇ ಹೊಸ ಎಂಜಿನ್ ಹಾಕುವುದೆಂದು ತೀರ್ಮಾನವಾಗಿತ್ತು. ಪೂಜೆ ಮುಗಿದರೆ ಎಲ್ಲರೂ ಮನೆಗೆ ಹೋಗುತ್ತಾರೆ, ಸರ್ವರ್‌ಗಳು ಖಾಲಿ ಇರುತ್ತವೆ ಅನ್ನುವುದು ಸರ್ ಯೋಚನೆ. ಮುನಿಲಕ್ಷ್ಮಮ್ಮ ಬೂದುಕುಂಬಳಕಾಯಿ, ಕಡ್ಲೆಪುರಿ, ಒಂದು ಮಂಕರಿ ಸೇವಂತಿಗೆ ತಂದಿದ್ದರು. ಆರು ಸರ್ವರ್‌ಗಳಿಗೂ ಕುಂಕುಮ ಇಟ್ಟು ಹೂವು ಮುಡಿಸಿದರು. ತಟ್ಟೆಯಲ್ಲಿ ಮುನೀಂದ್ರಣ್ಣನ ಸ್ಕ್ರೂಡ್ರೈವರ್, ಪೆನ್‌ಡ್ರೈವ್‌ಗಳು, ನನ್ನ ಹೆಡ್‌ಫೋನ್ ಎಲ್ಲಕ್ಕೂ ಪೂಜೆಯಾಯಿತು. ಮಂಗಳಾರತಿ ಎತ್ತುವಾಗ ಅವರು ಕಿವಿಗೊಟ್ಟು ನಿಂತರು.

“ಏನೋ ರವಿ ಇದು? ಇನ್ನೂ ಓಡ್ತಾ ಅವೆ?”

“ಅವನ್ನ ನಿಲ್ಸಂಗಿಲ್ಲಮ್ಮ. ನಾಡಿದ್ದು ಕೊಡ್ಬೇಕು.”

“ಆಯುಧಪೂಜೆ ದಿನ ಆಯುಧ ಓಡಿಸ್ತಾರೇನೋ? ನಿಮ್ಮಪ್ಪ ಇವತ್ತಿನ ದಿನ ಟ್ರ್ಯಾಕ್ಟರ್ ಕೀ ಮುಟ್ತಿರಲಿಲ್ಲ.”

“ಇವು ಟ್ರ್ಯಾಕ್ಟರ್ ಅಲ್ಲಮ್ಮ.”

“ಅನ್ನ ಹಾಕ್ತವೋ ಇಲ್ವೋ?”

ಅಮ್ಮನೇ ರಾಜಿಗೆ ಬಂದರು. “ಎಲ್ಲಾ ನಿಲ್ಸಕಾಗಲ್ಲ ಅಂದ್ರೆ ಒಂದಾದ್ರೂ ನಿಲ್ಸು. ಎಲ್ಲರ ಪರವಾಗಿ ಅದು ಕೂತ್ಕಳ್ಳಿ.” ಕನ್ನಡಕ ಮೇಲಕ್ಕೇರಿಸಿ ಒಂದೊಂದೇ ಸ್ಟಿಕ್ಕರ್ ಓದುತ್ತಾ ಬಂದವರು ಕೊನೆಯದರ ಮುಂದೆ ಮುಖ ಅರಳಿಸಿದರು. “ಜಡಿಗೇನಹಳ್ಳೀನಾ? ಅಯ್ಯೋ, ನನ್ನ ತವರು ಕಣೋ! ಇದಕ್ಕೇ ಕೊಡು ರಜಾ.”

“ಅಜ್ಜಿ, ಮುಂದಿನ ವರ್ಷ ಒಂದಕ್ಕೆ ಪ್ರಮೋದಾ ಅಂತ ಹೆಸರಿಡ್ತೀವಿ, ಅದಕ್ಕೂ ಕೊಡ್ಸಿ,” ಅಂದರು ಪ್ರಮೋದಕ್ಕ. ಅವರು ನಮ್ಮ ಟೀಮಿಗೆ ಹಿರಿಯರು, ಬಾಯಿಗೂ ಹಿರಿಯರು. ಎಲ್ಲರೂ ನಕ್ಕರು. ಮುನೀಂದ್ರಣ್ಣ ಜಡಿಗೇನಹಳ್ಳಿಯನ್ನು ಆಫ್ ಮಾಡಿದರು. “ಹೂವು ತೆಗ್ದು, ಕೈ ಮುಗ್ದು, ಆಮೇಲೇ ಹಚ್ಚಬೇಕು,” ಎಂದು ಮುನಿಲಕ್ಷ್ಮಮ್ಮ ಹೇಳಿ ಹೋದರು. ಉಳಿದ ಐದಕ್ಕೂ ನಾನು ಅವತ್ತೇ ಎಂಜಿನ್ ಹಾಕಿದೆ. ಮಾರನೆಯ ದಿನ ವಿಜಯದಶಮಿ, ಆಫೀಸಿಗೆ ರಜೆ. ಆರನೆಯದನ್ನು ರಜೆ ಮುಗಿದು ಬಂದ ಬೆಳಿಗ್ಗೆ ಹಾಕಬೇಕಿತ್ತು, ಹಾಕಿದೆ, ಅದು ರೆಪ್ಪೆ ಮಿಟುಕಿಸುವಷ್ಟರಲ್ಲಿ ಮುಗಿಸಿತು.

ಬೆಳಗಿನ ಮೀಟಿಂಗಿನಲ್ಲಿ ನಾವು ಸುತ್ತ ನಿಂತು ಒಬ್ಬೊಬ್ಬರೇ ಒಂದೆರಡು ಮಾತು ಹೇಳುತ್ತೇವೆ. ಏರ್‌ಪೋರ್ಟಿನಲ್ಲಿ ಹೊಸ ಟರ್ಮಿನಲ್ ಬಂದ ಮೇಲೆ ವಿಮಾನಗಳ ಓಡಾಟ ಹೆಚ್ಚಾಗಿ, ಇನ್ನೊಂದು ಅಭ್ಯಾಸವೂ ತಾನಾಗಿ ಬೆಳೆದಿದೆ. ತಲೆಯ ಮೇಲೆ ವಿಮಾನ ಹೋಗುವಾಗ ಮಾತಾಡುತ್ತಿದ್ದವರು ಅಲ್ಲಲ್ಲೇ ನಿಲ್ಲಿಸುತ್ತಾರೆ. ಸದ್ದು ಇಳಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ.

“ಕೀರ್ತನಾ, ಆರೂ ಆಯ್ತಾ?” ಸರ್ ಕೇಳಿದರು.

“ಆಯ್ತು ಸರ್. ಆದ್ರೆ...”

ವಿಮಾನ ಬಂತು. ಎಲ್ಲರೂ ಸುಮ್ಮನಾದರು. ಕಿಟಕಿಯ ಗಾಜು ಅದುರಿ ನಿಂತಿತು. ಸರ್ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ, ಏನಿಲ್ಲ ಎಂಬಂತೆ. ಅವರು ಪ್ರಮೋದಕ್ಕನ ಕಡೆ ತಿರುಗಿದರು. ನಿಜ ಹೇಳಬೇಕೆಂದರೆ ವಿಮಾನ ಬಂದದ್ದಕ್ಕೆ ನನಗೆ ಹಾಯೆನಿಸಿತು.

“ಇವಳು ಬಾಯಿ ಬಿಡೋದ್ರೊಳಗೆ ದುಬೈಗೆ ಹೋಗಿ ಬರ್ಬಹುದು ಗುರೂ,” ಅಂದರು ಪ್ರಮೋದಕ್ಕ. ನಾನೂ ನಕ್ಕೆ.

ಹತ್ತು ಗಂಟೆಯ ಸುಮಾರಿಗೆ ಕೊನೆಯ ಬಿಲ್ಡ್ ಶುರುವಾಯಿತು. ಆಟವನ್ನು ಒಯ್ಯಲು ಆದಿನಾರಾಯಣಪ್ಪ ಮೇಷ್ಟ್ರು ಆಗಲೇ ಬಂದು ಕೂತಿದ್ದರು. ನಿವೃತ್ತರಾದ ಮೇಲೆ ಹಳ್ಳಿ ಶಾಲೆಗಳಿಗೆ ಟ್ಯಾಬ್ ಕೊಡುವ ಒಂದು ಟ್ರಸ್ಟಿನಲ್ಲಿ ಕೆಲಸ ಮಾಡುತ್ತಿದ್ದರು. ಆ ಟ್ಯಾಬ್‌ಗಳಿಗೆ ಆಟ ಮಾಡಿಕೊಟ್ಟವರು ನಾವು. ದಸರಾ ರಜೆಯಲ್ಲಿ ಶಾಲೆಗಳ ಟ್ಯಾಬ್‌ಗಳನ್ನೆಲ್ಲ ನಂದಗುಡಿಯಲ್ಲಿ ಒಂದೆಡೆ ತರಿಸಿದ್ದರು. ಮಧ್ಯಾಹ್ನದೊಳಗೆ ಹೊಸ ಆಟ ತುಂಬಿಸಿದರೆ ಟೀಚರುಗಳು ಅವನ್ನು ವಾಪಸ್ ಒಯ್ಯುತ್ತಾರೆ. ಅಲ್ಲಿಂದಾಚೆ ಅವು ನೆಟ್‌ವರ್ಕ್ ಸಿಗದ ಊರುಗಳಲ್ಲಿ ಇರುತ್ತವೆ. ಮತ್ತೆ ಕೈಗೆ ಸಿಗುವುದು ಮುಂದಿನ ಬೇಸಿಗೆಗೆ.

ಇಷ್ಟೆಲ್ಲ ಮಾಡಿ ಎಂಜಿನ್ ಬದಲಾಯಿಸಿದ್ದು ಒಂದೇ ತೊಂದರೆಗಾಗಿ. ಹಳೆಯ ಎಂಜಿನ್‌ನಲ್ಲಿ ಕಟ್ಟಿದ ಆಟ, ಆ ಟ್ಯಾಬ್‌ಗಳಲ್ಲಿ, ನಡುವೆ ಕವರಿನ ಮುಚ್ಚಳ ಮುಚ್ಚಿದರೆ ಎಲ್ಲವನ್ನೂ ಮರೆಯುತ್ತಿತ್ತು. ಮಗುವಿನ ಹೆಸರು, ಮುಗಿಸಿದ ಪಾಠಗಳು, ಗೆದ್ದ ನಕ್ಷತ್ರಗಳು, ಯಾವುದೂ ಉಳಿಯುತ್ತಿರಲಿಲ್ಲ. ಹೊಸ ವರ್ಷನ್‌ನಲ್ಲಿ ಅದನ್ನು ಸರಿಪಡಿಸಿದ್ದರು. ಹೊಸಕೋಟೆ ಸರ್ವರ್‌ನಲ್ಲಿ ಕಟ್ಟಿದ ಬಿಲ್ಡನ್ನು ಪ್ರಮೋದಕ್ಕ ಪೂಜೆಯ ದಿನವೇ ಶಾಲೆಯ ಟ್ಯಾಬ್‌ನಲ್ಲಿ ಹಾಕಿ ಪರೀಕ್ಷೆ ಮಾಡಿ ನೋಡಿದ್ದರು.

“ಈ ಸಲ ಮರೆಯಲ್ಲ ತಾನೆ?” ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ಕೇಳಿದರು.

“ಇಲ್ಲ ಮೇಷ್ಟ್ರೇ, ಗ್ಯಾರಂಟಿ,” ಅಂದರು ಸರ್.

“ಗ್ಯಾರಂಟಿ ನಂಗಲ್ಲ, ಅಕ್ಷತಂಗೆ ಕೊಡಪ್ಪ. ಮೂರನೇ ಕ್ಲಾಸು. ಉಗಾದಿಯಿಂದ ಆಡಿ ಆಡಿ ಅಷ್ಟೂ ಪಾಠ ಮುಗಿಸಿದ್ಲು. ಒಂದಿನ ಊಟದ ಬೆಲ್ ಹೊಡೀತು ಅಂತ ಮುಚ್ಚಳ ಮುಚ್ಚಿ ಹೋದ್ಲು. ಬಂದು ನೋಡಿದ್ರೆ ‘ನಿನ್ನ ಹೆಸರೇನು’ ಅಂತ ಕೇಳ್ತಿದೆ. ನನ್ನ ಹತ್ರ ಬಂದು ಏನ್ ಕೇಳಿದ್ಲು ಗೊತ್ತಾ? ಮೇಷ್ಟ್ರೇ, ನಾನು ಕಲ್ತಿದ್ದೆಲ್ಲಾ ಅಳಿಸೋಯ್ತಾ ಅಂತ. ಆಮೇಲೆ ಮುಟ್ಟಿಲ್ಲ ಅದನ್ನ.”

ಸರ್ ನಗುವುದನ್ನು ನಿಲ್ಲಿಸಿದರು. ನಾನು ಪರದೆಯ ಕಡೆ ತಿರುಗಿದೆ.

ಬಿಲ್ಡ್ ಮುಗಿದಿತ್ತು. ಪ್ರಮೋದಕ್ಕ ಅದನ್ನು ತಮ್ಮ ಫೋನಿಗೆ ಹಾಕಿಕೊಂಡು ಒಂದೆರಡು ಪಾಠ ಆಡಿ ಹೆಬ್ಬೆರಳು ಎತ್ತಿ ತೋರಿಸಿದರು. ಹೊಸ ಫೋನು, ಅದಕ್ಕೆ ಮುಚ್ಚಳವಿಲ್ಲ, ಆ ತೊಂದರೆ ಅದರಲ್ಲಿ ಮೊದಲೂ ಇರಲಿಲ್ಲ. ಮುನೀಂದ್ರಣ್ಣ ಬಿಲ್ಡ್ ಅನ್ನು ಹಾರ್ಡ್‌ಡಿಸ್ಕಿಗೆ ತುಂಬಿಸಲು ಹಚ್ಚಿದರು. ಬಿಲ್ಡ್‌ನ ವಿವರದ ಕೊನೆಯಲ್ಲಿ, ಯಾರೂ ಓದದ ಜಾಗದಲ್ಲಿ, ಅದನ್ನು ಕಟ್ಟಿದ ಸರ್ವರ್‌ನ ಹೆಸರಿರುತ್ತದೆ. ನಾನು ಓದಿದೆ.

ಜಡಿಗೇನಹಳ್ಳಿ.

ಯಾವುದು ಖಾಲಿ ಕೂತಿರುತ್ತದೋ ಅದಕ್ಕೆ ಕೆಲಸ ಹೋಗುತ್ತದೆ. ಮಿಕ್ಕ ಐದರಲ್ಲೂ ಬೇರೆ ಕೆಲಸ ಓಡುತ್ತಿತ್ತು, ಖಾಲಿ ಕೂತದ್ದು ಅದೇ.

ನನ್ನ ಮೇಜಿನಿಂದಲೇ ಆ ಸರ್ವರ್ ಒಳಗೆ ಹೋದೆ. ಎಂಜಿನ್‌ನ ಫೋಲ್ಡರ್ ಇತ್ತು, ಹೆಸರೂ ನಾನಿಟ್ಟ ಹೊಸ ಹೆಸರೇ. ಒಳಗಿನ ಫೈಲ್ ತೆರೆದು ವರ್ಷನ್ ನೋಡಿದೆ. ಹಳೆಯದು. ಕಣ್ಣು ಉಜ್ಜಿಕೊಂಡು ಇನ್ನೊಮ್ಮೆ ನೋಡಿದೆ. ಹಳೆಯದೇ. ಎರಡನೇ ಸಲ ಓಡಿಸಿದಾಗ ಸುಮ್ಮನೆ ಹೊತ್ತು ಹಾಳಾಗದಿರಲಿ ಎಂದು ಸ್ಕ್ರಿಪ್ಟ್‌ನಲ್ಲಿ ನಾನೇ ಒಂದು ಸಾಲು ಬರೆದಿದ್ದೆ: ಈ ಹೆಸರಿನ ಫೋಲ್ಡರ್ ಇದ್ದರೆ ಆಗಲೇ ಹಾಕಿದೆ ಎಂದುಕೊ, ‘ಆಯಿತು’ ಅನ್ನು, ಮುಂದೆ ಹೋಗು. ಅದು ಹಾಗೆಯೇ ಮಾಡಿತ್ತು. ಬಾಗಿಲ ಮೇಲಿನ ಹೆಸರು ಓದಿ, ಒಳಗೆ ಇಣುಕದೆ ವಾಪಸ್ ಬಂದಿತ್ತು.

ಆದರೆ ನಾನು ಹಾಕದ ಫೋಲ್ಡರ್ ಅಲ್ಲಿಗೆ ಬಂದದ್ದು ಹೇಗೆ?

ಏಸಿ ರೂಮಿಗೆ ಹೋದೆ. ಮುನೀಂದ್ರಣ್ಣ ಡಿಸ್ಕಿನ ಮುಂದೆ ನಿಂತಿದ್ದರು.

“ಮುನೀಂದ್ರಣ್ಣ, ಜಡಿಗೇನಹಳ್ಳೀಲಿ ನೀವೇನಾದ್ರೂ ಹಾಕಿದ್ರಾ?”

“ಹ್ಞೂ ಕಣಮ್ಮ!” ಅವರ ಮುಖದಲ್ಲಿ ಖುಷಿ. “ಬೇಗ ಬಂದಿದ್ನಲ್ಲ, ಹೂವು ತೆಗ್ದು ಕೈ ಮುಗ್ದು ಆನ್ ಮಾಡ್ದೆ. ನಿಂಗೊಂದು ಕೆಲ್ಸ ಕಮ್ಮಿ ಆಗ್ಲಿ ಅಂತ ನಾನೇ ಹಾಕ್ಬಿಟ್ಟೆ. ಫೋಲ್ಡರ್‌ಗೂ ನೀನಿಟ್ಟ ಹೆಸರೇ ಇಟ್ಟಿದ್ದೀನಿ, ನಿನ್ ಸ್ಕ್ರಿಪ್ಟ್‌ಗೆ ಗೊಂದ್ಲ ಆಗ್ಬಾರ್ದು ನೋಡು.”

“ಯಾವ ಪೆನ್‌ಡ್ರೈವ್‌ನಿಂದ ಹಾಕಿದ್ರಿ?”

“ಹೊಸದ್ರಿಂದಾನೇ. ಹಳದಿ ದಾರ ಕಟ್ಟಿರೋದು. ಗುರುತಿಗೆ ಅಂತ ಕಟ್ಟಿಟ್ಟಿದ್ದೆ.” ಜೇಬಿನಿಂದ ತೆಗೆದು ತೋರಿಸಿದರು. ಅರಿಶಿನದ ದಾರ ಇತ್ತು. ನಾನು ಮೇಜಿನ ಮೇಲಿದ್ದ ಪೂಜೆಯ ತಟ್ಟೆಯ ಕಡೆ ನೋಡಿದೆ. ಒಣಗಿದ ಹೂವಿನ ನಡುವೆ ಇನ್ನೊಂದು ಪೆನ್‌ಡ್ರೈವ್ ಬಿದ್ದಿತ್ತು. ಅದಕ್ಕೂ ಅರಿಶಿನದ ದಾರ.

ಮುನೀಂದ್ರಣ್ಣ ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ಒಂದಕ್ಕೆ ದಾರ ಇದೆ, ಹಳೇ ಎಂಜಿನ್ ಇದ್ದ ಇನ್ನೊಂದಕ್ಕೆ ಇಲ್ಲ ಎಂದು ಮೊನ್ನೆ ಮುನಿಲಕ್ಷ್ಮಮ್ಮನೇ ಅದಕ್ಕೂ ಕಟ್ಟಿರಬೇಕು. ಪೂಜೆಯಲ್ಲಿ ಭೇದ ಮಾಡುವವರಲ್ಲ ಅವರು.

“ಅಯ್ಯಯ್ಯೋ,” ಅಂದರು ಮುನೀಂದ್ರಣ್ಣ, ಬಹಳ ಮೆಲ್ಲಗೆ. ಹೋಗಿ ಬಾಗಿಲು ಮುಂದೆ ಮಾಡಿದರು. “ಕೀರ್ತನಾ, ಈಗ್ಲೇ ಹೇಳ್ಬೇಡ ಕಣಮ್ಮ. ಹೋದ ತಿಂಗ್ಳು ಸರ್ ಏನಂದ್ರು, ನೀನೂ ಇದ್ದೆಯಲ್ಲ. ಸ್ಕ್ರಿಪ್ಟ್ ಬಂದ್ಮೇಲೆ ಮುನೀಂದ್ರಂಗೆ ಏನ್ ಕೆಲ್ಸ ಅಂತ. ತಮಾಷೆಗೇ ಅಂದ್ರು. ಆದ್ರೂ ಅಂದ್ರಲ್ಲ.”

“ಅಣ್ಣ, ಆ ಮಕ್ಕಳ ಟ್ಯಾಬು...”

“ಬೇಸ್ಗೇಲಿ ವಾಪಸ್ ಬರ್ತವಲ್ಲ, ಆವಾಗ ನಾನೇ ನಿಂತು ಬದಲಾಯಿಸ್ತೀನಿ. ಎಲ್ಲಾ ಮಕ್ಳೂ ನಡುವೆ ಮುಚ್ಚಳ ಮುಚ್ತಾರಾ? ಇಲ್ವಲ್ಲ. ಆಗದೇನೂ ಇರ್ಬಹುದು.”

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಸೇರಿದ ಹೊಸದರಲ್ಲಿ ಊಟಕ್ಕೆ ಒಬ್ಬಳೇ ಕೂರುತ್ತಿದ್ದಾಗ, ಏನೂ ಕೇಳದೆ, ಏನೂ ಮಾತಾಡಿಸದೆ, ತಮ್ಮ ಡಬ್ಬಿ ತಂದು ಎದುರಿಗೆ ಕೂತು ಉಂಡು ಹೋಗುತ್ತಿದ್ದವರು ಇವರೊಬ್ಬರೇ. ನಾನು ‘ಹ್ಞೂ’ ಅನ್ನಲಿಲ್ಲ, ‘ಇಲ್ಲ’ ಅನ್ನಲೂ ಇಲ್ಲ. ಪರದೆಯ ಮೇಲೆ ಡಿಸ್ಕ್ ತುಂಬುವುದನ್ನು ತೋರಿಸುವ ಪಟ್ಟಿ ಅರ್ಧ ದಾಟಿತ್ತು.

ಆಗದೇನೂ ಇರಬಹುದು. ಆ ಮಾತನ್ನು ಹಿಡಿದುಕೊಂಡು ಹೊರಗೆ ಬಂದೆ. ಶಾಲೆಯ ಹಳೇ ಟ್ಯಾಬ್ ಒಂದು ಪ್ರಮೋದಕ್ಕನ ಡ್ರಾಯರಿನಲ್ಲಿ ಇರುತ್ತಿತ್ತು. ತೆಗೆದರೆ ಚಾರ್ಜ್ ಇಲ್ಲ. ವೈರ್ ಸಿಕ್ಕಿಸಿ ಕಾದೆ. ಆ ಕಡೆ ಮೇಷ್ಟ್ರು ಜೀಪಿನ ಡ್ರೈವರಿಗೆ ಫೋನ್ ಮಾಡಿ, “ಗಾಡಿ ತಿರುಗಿಸಿ ನಿಲ್ಸಪ್ಪ, ಬಂದ್ವಿ,” ಅನ್ನುತ್ತಿದ್ದರು. ಟ್ಯಾಬ್ ಹತ್ತಿಕೊಂಡಿತು. ಬಿಲ್ಡ್ ಹಾಕಿದೆ. ಹೆಸರು ಕೇಳಿತು. ಕೀರ್ತನ ಎಂದು ಬರೆಯಬೇಕೆಂದಿದ್ದವಳು ಅಕ್ಷತ ಎಂದು ಬರೆದೆ. ಮೊದಲ ಪಾಠ ಆಡಿದೆ. ಒಂದು ನಕ್ಷತ್ರ ಬಂತು, ಚಪ್ಪಾಳೆಯ ಸದ್ದಾಯಿತು.

“ಏನೇ, ಕೆಲ್ಸದ ಟೈಮಲ್ಲಿ ಅಆಇಈ ಕಲೀತಾ ಇದ್ದೀಯ?” ಪ್ರಮೋದಕ್ಕ ಹೋಗುತ್ತಾ ತಲೆಗೆ ಮೊಟಕಿದರು.

ಮುಚ್ಚಳ ಮುಚ್ಚಿದೆ. ಎರಡೂ ಕೈಯನ್ನು ಅದರ ಮೇಲಿಟ್ಟುಕೊಂಡು ಕೂತೆ. ಉಳಿಯಲಿ, ಉಳಿದುಬಿಡಲಿ, ನಾನು ಬಾಯಿ ತೆರೆಯುವುದು ತಪ್ಪಲಿ. ಬೇಡಿಕೊಂಡದ್ದು ಇಷ್ಟೇ, ಮಕ್ಕಳಿಗಾಗಿ ಅಲ್ಲ, ನನಗಾಗಿ.

ಮುಚ್ಚಳ ತೆಗೆದೆ. ‘ನಮಸ್ಕಾರ! ನಿನ್ನ ಹೆಸರೇನು?’ ಎಂದು ಟ್ಯಾಬ್ ನಗುತ್ತಾ ಕೇಳಿತು.

ತಲೆಯೆತ್ತಿದಾಗ ಮುನೀಂದ್ರಣ್ಣ ಏಸಿ ರೂಮಿನಿಂದ ಡಿಸ್ಕ್ ತಂದು ಸರ್ ಕೈಗೆ ಕೊಡುತ್ತಿದ್ದರು. ಅವರು ನನ್ನ ಕಡೆ ನೋಡಲಿಲ್ಲ. ಸರ್ ಅದನ್ನು ಮೇಷ್ಟ್ರಿಗೆ ಕೊಟ್ಟರು. ಮೇಷ್ಟ್ರು ಒಂದು ಟವೆಲಿನಲ್ಲಿ ಸುತ್ತಿ ಬಟ್ಟೆಯ ಚೀಲದೊಳಗೆ ಇಳಿಸಿದರು.

ಈಗ ಹೇಳಿದರೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹೊಸಕೋಟೆಯಲ್ಲೋ ಸೂಲಿಬೆಲೆಯಲ್ಲೋ ಮತ್ತೆ ಕಟ್ಟಬೇಕು, ಊಟದ ಹೊತ್ತು ದಾಟುತ್ತದೆ. ನಂದಗುಡಿಯಲ್ಲಿ ಟೀಚರುಗಳು ಕಾಯುತ್ತಾ ಬೈದುಕೊಳ್ಳುತ್ತಾರೆ. ಮೇಷ್ಟ್ರ ಮುಂದೆ ಸರ್ ತಲೆ ತಗ್ಗಿಸಬೇಕು. ಆಮೇಲೆ ಬಾಗಿಲು ಹಾಕಿಕೊಂಡು, ಅದು ಹೇಗಾಯಿತು, ಯಾರು ಮಾಡಿದ್ದು ಎಂದು ಕೇಳುತ್ತಾರೆ. ಹೇಳದಿದ್ದರೆ ಏನೂ ಆಗುವುದಿಲ್ಲ. ಇವತ್ತು ಏನೂ ಆಗುವುದಿಲ್ಲ. ಯಾವುದೋ ಊರಿನ ಶಾಲೆಯಲ್ಲಿ ಊಟದ ಬೆಲ್ ಹೊಡೆಯುವವರೆಗೆ ಏನೂ ಆಗುವುದಿಲ್ಲ.

ಎದ್ದು ನಿಂತೆ. ಟ್ಯಾಬ್ ಕೈಯಲ್ಲೇ ಇತ್ತು. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಬರೆದುಕೊಂಡೆ, ತಿದ್ದಿದೆ, ಸಭ್ಯವಾಗಿ ಮಾಡಿದೆ. ‘ಸರ್, ಒಂದು ಸಣ್ಣ ಅನುಮಾನ.’ ಸಣ್ಣ ಅಂದರೆ ಯಾರೂ ಕೇಳುವುದಿಲ್ಲ. ‘ಸರ್, ಒಂದು ನಿಮಿಷ.’ ಒಂದು ನಿಮಿಷಕ್ಕೆ ಮುಗಿಯುವ ಮಾತಲ್ಲ. ಅಷ್ಟರಲ್ಲಿ ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡಿದ್ದರು.

“ಬರ್ತೀನಪ್ಪಾ ರವಿ. ಎಲ್ರೂ ಚೆನ್ನಾಗ್ ಮಾಡಿದ್ದೀರಿ. ಏನಮ್ಮ, ನೀನೇ ಅಲ್ವಾ ಆ ಸ್ಕ್ರಿಪ್ಟು ಅಂತಾರಲ್ಲ ಅದನ್ನ ಬರ್ದವ್ಳು? ದೇವ್ರು ಒಳ್ಳೇದು ಮಾಡ್ಲಿ.”

“ಅವ್ಳು ಮಾತಾಡಲ್ಲ ಮೇಷ್ಟ್ರೇ, ಬರೀ ಬರೀತಾಳೆ,” ಅಂದರು ಪ್ರಮೋದಕ್ಕ.

“ಬರೀಲಿ ಬಿಡು. ನಾನೊಂದು ಜನ್ಮ ಮಾತಾಡಿ ಏನ್ ಕಂಡೆ?”

ಎಲ್ಲರೂ ನಕ್ಕರು. ಮೇಷ್ಟ್ರು ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟಿದರು. ಸರ್ ಅವರನ್ನು ಕಳಿಸಲು ಮೆಟ್ಟಿಲವರೆಗೆ ಹೋದರು. ನಾನು ಅವರ ಹಿಂದೆಯೇ ಹೊರಟೆ. ಬಾಗಿಲ ಪಕ್ಕದಲ್ಲಿ ಮುನೀಂದ್ರಣ್ಣ ನಿಂತಿದ್ದರು. ಎರಡು ಪೆನ್‌ಡ್ರೈವ್‌ಗಳೂ ಇನ್ನೂ ಅವರ ಮುಷ್ಟಿಯಲ್ಲಿದ್ದವು, ಬೆರಳ ಸಂದಿಯಿಂದ ದಾರದ ತುದಿ ಇಣುಕುತ್ತಿತ್ತು. ಅವರನ್ನು ದಾಟುವಾಗ ನನ್ನ ಕಾಲು ಒಂದು ಗಳಿಗೆ ನಿಂತಿತು. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅದು ಒಪ್ಪಿಗೆಯೋ ಸೋಲೋ, ನನಗೆ ತಿಳಿಯಲಿಲ್ಲ.

ಮೇಷ್ಟ್ರು ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದರು. ಕೆಳಗೆ ಜೀಪು ಶುರುವಾದ ಸದ್ದು. “ಮೇಷ್ಟ್ರೇ,” ಅಂದೆ. ನನ್ನ ದನಿ ಎರಡು ಮೆಟ್ಟಿಲೂ ಇಳಿಯಲಿಲ್ಲ. ಅದೇ ಹೊತ್ತಿಗೆ ಪೂರ್ವದ ಕಡೆಯಿಂದ ವಿಮಾನದ ಮೊರೆತ ಏರತೊಡಗಿತು. ಸರ್ ಏನೋ ಹೇಳಲು ಎತ್ತಿದ ಕೈಯನ್ನು ಹಾಗೆಯೇ ನಿಲ್ಲಿಸಿ, ವಿಮಾನ ದಾಟಲೆಂದು ಕಾದರು. ಅದು ನಮ್ಮ ಆಫೀಸಿನ ಅಭ್ಯಾಸ. ಮೇಷ್ಟ್ರಿಗೆ ಆ ಅಭ್ಯಾಸವಿಲ್ಲ, ಅವರು ಇಳಿಯುತ್ತಲೇ ಇದ್ದರು. ವಿಮಾನ ದಾಟುವವರೆಗೆ ಕಾದರೆ ಜೀಪು ರಸ್ತೆಯಲ್ಲಿರುತ್ತದೆ. ಕಾದರೆ ನನ್ನದೇನೂ ತಪ್ಪಿಲ್ಲ, ಸದ್ದಿನಲ್ಲಿ ಕೇಳಿಸಲಿಲ್ಲ ಅಷ್ಟೇ.

ಮೆಟ್ಟಿಲ ಕಂಬಿ ಅದುರುತ್ತಿತ್ತು. ಅಪ್ಪನ ಮೆಷಿನ್‌ಗಳ ನಡುವೆ ನಿಂತು ಅಮ್ಮ ಕೂಗುವ ಹಾಗೆ, ಹೊಟ್ಟೆಯಿಂದ, ಆ ಸದ್ದಿನ ಮೇಲೆ ಕೂಗಿದೆ:

“ಮೇಷ್ಟ್ರೇ, ಅದನ್ನ ತಗೊಂಡ್ ಹೋಗ್ಬೇಡಿ! ಅದ್ರಲ್ಲಿರೋದು ಹಳೇ ಎಂಜಿನ್ನು! ಆರೂ ಆಯ್ತು ಅಂತ ನನ್ ಸ್ಕ್ರಿಪ್ಟು ಒಳಗೆ ನೋಡ್ದೇನೇ ಹೇಳ್ತು!”